ಮೂಗಿಗಿಂತ ಮೂಗುತಿ ಭಾರವಾಗದಂತೆ: ಕಡಿಮೆ ಬಜೆಟ್ಟಿನಲ್ಲಿ ಮನೆಗೊಂದು ಆಲ್-ಇನ್-ಒನ್ ಪ್ರಿಂಟರ್

ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮೂರನ್ನೂ ಮಾಡುವ ಆಲ್-ಇನ್-ಒನ್ ಪ್ರಿಂಟರುಗಳಲ್ಲಿ ಇದ್ದುದರಲ್ಲೇ ಅಗ್ಗವಾದ ಒಂದನ್ನು ಆರಿಸಿಕೊಳ್ಳಿ. ದುಡ್ಡು ಕೊಡುವ ಮೊದಲು ಅದೇ ಮಾಡೆಲ್ಲಿಗೆ ಹಾಕುವ ಕಪ್ಪು ಮತ್ತು ಕಲರ್ ಕಾರ್ಟ್ರಿಡ್ಜ್‌ಗಳ ಬೆಲೆ ವಿಚಾರಿಸಿ. ಎರಡು ಮೂರು ಜೊತೆ ಕಾರ್ಟ್ರಿಡ್ಜಿನ ದುಡ್ಡಿಗೆ ಇನ್ನೊಂದು ಪ್ರಿಂಟರೇ ಬರುತ್ತದೆ ಎಂದು ಗೊತ್ತಾದರೆ ಆಶ್ಚರ್ಯಪಡಬೇಡಿ. ಮೂಗಿಗಿಂತ ಮೂಗುತಿ ಭಾರ. ಯಂತ್ರವನ್ನು ಕಡಿಮೆ ಲಾಭಕ್ಕೆ ಕೊಟ್ಟು ಇಂಕಿನಲ್ಲಿ ಗಳಿಸುವುದು ಈ ವ್ಯಾಪಾರದಲ್ಲಿ ಬಹಳ ಹಳೆಯ ಪದ್ಧತಿ. ಹಾಗಾಗಿ ಕಡಿಮೆ ಬೆಲೆಯ ಪ್ರಿಂಟರೂ ಕಡಿಮೆ ಖರ್ಚಿನ ಪ್ರಿಂಟರೂ ಒಂದೇ ಆಗಿರುವುದು ಅಪರೂಪ.

ಕೊಳ್ಳುವವರು ಸಾಮಾನ್ಯವಾಗಿ ಕೇಳಿಕೊಳ್ಳುವುದು ‘ತಿಂಗಳಿಗೆ ಎಷ್ಟು ಪುಟ ಬೇಕಾಗುತ್ತದೆ?’ ಎಂದು. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಮನೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಒಂದು ಸಲ ಪ್ರಿಂಟ್ ತೆಗೆದ ಮೇಲೆ ಮತ್ತೆ ತೆಗೆಯುವವರೆಗೆ ಎಷ್ಟು ದಿನ ಹೋಗುತ್ತದೆ? ಆಫೀಸಿನ ಪ್ರಿಂಟರು ದುಡಿದು ಸವೆಯುತ್ತದೆ. ಮನೆಯದು ಸುಮ್ಮನೆ ಕೂತು ಕೆಡುತ್ತದೆ. ಯಾವ ಬಗೆಯ ಪ್ರಿಂಟರ್ ನಿಮಗೆ ಸರಿ ಎನ್ನುವುದು ಬಹುಪಾಲು ಇದರ ಮೇಲೇ ನಿಂತಿದೆ.

ಹಂತ 1: ಮೂರು ತಿಂಗಳ ಲೆಕ್ಕ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಕಳೆದ ಮೂರು ತಿಂಗಳಲ್ಲಿ ಮನೆಯವರೆಲ್ಲ ಎಲ್ಲೆಲ್ಲಿ ಏನೇನು ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮಾಡಿಸಿದ್ದಾರೆ ಎಂದು ನೆನಪಿಸಿಕೊಂಡು ಬರೆಯಿರಿ. ಮಕ್ಕಳ ಪ್ರಾಜೆಕ್ಟು, ಅರ್ಜಿ ಫಾರಂ, ಟಿಕೆಟ್ಟು, ಗುರುತಿನ ಚೀಟಿಯ ಪ್ರತಿ, ಬ್ಯಾಂಕಿನ ಕಾಗದ, ಹೀಗೆ. ಪ್ರತಿಯೊಂದರ ಮುಂದೆ ಕಪ್ಪೋ ಕಲರೋ, ಎಷ್ಟು ಪುಟ, ಯಾವಾಗ ಎಂದು ಗುರುತು ಹಾಕಿ. ಪುಟಗಳು ಮೂರು ತಿಂಗಳೂ ಹರಡಿಕೊಂಡಿವೆಯೋ, ಅಥವಾ ಒಂದೇ ವಾರದಲ್ಲಿ ಐವತ್ತು ಪುಟ ಬಂದು ಆಮೇಲೆ ಎರಡು ತಿಂಗಳು ಏನೂ ಇಲ್ಲವೋ ಎನ್ನುವುದು ‘ಯಾವಾಗ’ ಎಂಬ ಕಾಲಂನಲ್ಲಿ ಎದ್ದು ಕಾಣುತ್ತದೆ.

ಈ ಹಾಳೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ನಿಜವಾಗಿ ಬೇಕಾಗಿರುವುದು ಸ್ಕ್ಯಾನ್, ಅದೂ ಫೋನಿನ ಕ್ಯಾಮೆರಾದಲ್ಲೇ ಮುಗಿಯುವಂಥದ್ದು. ತಿಂಗಳಿಗೆ ಹತ್ತು ಪುಟವೂ ದಾಟುವುದಿಲ್ಲ, ಪ್ರಿಂಟ್ ತೆಗೆಸುವ ಅಂಗಡಿ ನಡೆದುಹೋಗುವಷ್ಟು ಹತ್ತಿರವಿದೆ ಎಂದಾದರೆ ಪ್ರಿಂಟರೇ ಬೇಡ. ಕೊಳ್ಳದೇ ಇರುವ ಪ್ರಿಂಟರಿನಷ್ಟು ಅಗ್ಗದ್ದು ಯಾವುದೂ ಇಲ್ಲ. ರಾತ್ರಿ ಹತ್ತು ಗಂಟೆಗೆ ‘ನಾಳೆ ಪ್ರಾಜೆಕ್ಟ್ ಕೊಡಬೇಕು’ ಎನ್ನುವ ಮಗು ಮನೆಯಲ್ಲಿದ್ದರೆ ಮಾತ್ರ ಈ ಸಲಹೆ ನಡೆಯುವುದಿಲ್ಲ, ಮುಂದಕ್ಕೆ ಓದಿ.

ಹಂತ 2: ಕಾರ್ಟ್ರಿಡ್ಜೋ, ಟ್ಯಾಂಕೋ, ಲೇಸರೋ

ಮನೆಯ ಬಜೆಟ್ಟಿಗೆ ಬರುವ ಆಲ್-ಇನ್-ಒನ್ ಪ್ರಿಂಟರುಗಳು ಮೂರು ಬಗೆ. ಅವು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಕಾರ್ಟ್ರಿಡ್ಜಿನದೂ ಟ್ಯಾಂಕಿನದೂ ಇಂಕನ್ನು ಹನಿಹನಿಯಾಗಿ ಚಿಮ್ಮಿಸುವ ಇಂಕ್‌ಜೆಟ್ಟೇ. ಇಂಕ್ ಚಿಮ್ಮಿಸುವ ಭಾಗವಾದ ಪ್ರಿಂಟ್ ಹೆಡ್ಡಿನಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳು ನೂರಾರು ಇರುತ್ತವೆ. ಎಚ್‌ಪಿ ಮತ್ತು ಕ್ಯಾನನ್ ಬಳಸುವ ಥರ್ಮಲ್ ವಿಧಾನದಲ್ಲಿ ರಂಧ್ರದ ಹಿಂದಿರುವ ಪುಟ್ಟ ಹೀಟರ್ ಕ್ಷಣಮಾತ್ರ ಕಾಯ್ದು, ಇಂಕಿನಲ್ಲಿ ಆವಿಯ ಗುಳ್ಳೆ ಎದ್ದು, ಅದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಎಪ್ಸನ್ ಮತ್ತು ಬ್ರದರ್ ಬಳಸುವ ಪೀಜೋ ವಿಧಾನದಲ್ಲಿ ಕಾಯಿಸುವ ಮಾತಿಲ್ಲ. ವಿದ್ಯುತ್ ಹಾಯಿಸಿದಾಗ ಬಾಗುವ ವಸ್ತುವೊಂದು ಹನಿಯನ್ನು ಒತ್ತಿ ಚಿಮ್ಮಿಸುತ್ತದೆ. ವಿಧಾನ ಯಾವುದಾದರೂ ತೊಂದರೆ ಒಂದೇ: ವಾರಗಟ್ಟಲೆ ಬಳಸದಿದ್ದರೆ ಆ ರಂಧ್ರಗಳಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಬಿಚ್ಚಿಸಲು ‘ಕ್ಲೀನಿಂಗ್’ ಕೊಟ್ಟರೆ ಯಂತ್ರ ಇಂಕನ್ನು ಎಳೆದು ಚೆಲ್ಲುತ್ತದೆ. ಒಂದು ಪುಟವೂ ಪ್ರಿಂಟ್ ಆಗದೆ ಇಂಕ್ ಖಾಲಿಯಾಗುವ ಗುಟ್ಟು ಇದೇ.

ಹೆಡ್ ಎಲ್ಲಿದೆ ಎನ್ನುವುದನ್ನು ಇಲ್ಲಿ ಗಮನಿಸಬೇಕು. ಹಲವು ಅಗ್ಗದ ಥರ್ಮಲ್ ಮಾಡೆಲ್‌ಗಳಲ್ಲಿ ಹೆಡ್ ಕಾರ್ಟ್ರಿಡ್ಜಿಗೇ ಅಂಟಿಕೊಂಡಿರುತ್ತದೆ. ಕಾರ್ಟ್ರಿಡ್ಜ್ ದುಬಾರಿಯಾಗಲು ಅದೂ ಒಂದು ಕಾರಣ. ಆದರೆ ಕಟ್ಟಿಕೊಂಡರೆ ಹೊಸ ಕಾರ್ಟ್ರಿಡ್ಜ್ ಹಾಕಿದ ಕೂಡಲೇ ಹೊಸ ಹೆಡ್ಡೂ ಬಂದಂತಾಯಿತು. ಹೆಡ್ ಯಂತ್ರದಲ್ಲೇ ಶಾಶ್ವತವಾಗಿ ಕೂತಿರುವ ಮಾಡೆಲ್‌ಗಳಲ್ಲಿ ಇಂಕು ಅಗ್ಗ, ಹೆಡ್ಡು ಕೆಟ್ಟರೆ ಮಾತ್ರ ರಿಪೇರಿಯ ಲೆಕ್ಕ ಹೊಸ ಪ್ರಿಂಟರಿನ ಹತ್ತಿರ ಹೋಗುತ್ತದೆ. ಕೊಳ್ಳುವಾಗ ‘ಹೆಡ್ ಬದಲಾಯಿಸಲು ಬರುತ್ತದೆಯೇ, ಬಳಕೆದಾರರೇ ಬದಲಾಯಿಸಬಹುದೇ?’ ಎಂದು ಕೇಳಿ. ಕೆಲವು ಟ್ಯಾಂಕ್ ಮಾಡೆಲ್‌ಗಳಲ್ಲಿ ಇದು ಸಾಧ್ಯ.

ಟ್ಯಾಂಕ್ ಪ್ರಿಂಟರ್ ಎಂದರೆ ಇಂಕ್‌ಜೆಟ್ಟೇ, ಕಾರ್ಟ್ರಿಡ್ಜಿನ ಬದಲು ಬಾಟಲಿಯಿಂದ ತುಂಬಿಸುವ ತೊಟ್ಟಿ ಇರುತ್ತದೆ ಅಷ್ಟೆ. ಮೊದಲು ಜನರೇ ಪ್ರಿಂಟರಿನ ಪಕ್ಕಕ್ಕೆ ಟ್ಯಾಂಕ್ ಕಟ್ಟಿ, ಸಣ್ಣ ಪೈಪು ಎಳೆದು ಈ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದರು. 2010ರಲ್ಲಿ ಎಪ್ಸನ್ ಕಂಪನಿಯೇ ಇಂಡೊನೇಷ್ಯಾದಲ್ಲಿ ಅಂಥ ಪ್ರಿಂಟರ್ ಬಿಡುಗಡೆ ಮಾಡಿತು. ಆಮೇಲೆ ಕ್ಯಾನನ್, ಬ್ರದರ್, ಎಚ್‌ಪಿ ಎಲ್ಲವೂ ಆ ದಾರಿ ಹಿಡಿದವು. ಒಂದು ಕಪ್ಪು ಬಾಟಲಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಾವಿರದಿಂದ ಏಳೆಂಟು ಸಾವಿರ ಪುಟ ಬರುತ್ತದೆ ಎಂದು ಕಂಪನಿಗಳು ಹೇಳಿಕೊಳ್ಳುತ್ತವೆ. ಅಗ್ಗದ ಕಾರ್ಟ್ರಿಡ್ಜಿನಲ್ಲಿ ಬರುವುದು ನೂರರಿಂದ ಇನ್ನೂರು ಪುಟ. ಯಂತ್ರದ ಬೆಲೆ ಮಾತ್ರ ಎರಡು ಮೂರು ಪಟ್ಟು.

ಲೇಸರಿನಲ್ಲಿ ಇಂಕೇ ಇಲ್ಲ. ಟೋನರ್ ಎಂದರೆ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಅದು ಬೆಳಕು ಬಿದ್ದ ಡ್ರಮ್ಮಿಗೆ (ತಿರುಗುವ ಉರುಳೆ) ವಿದ್ಯುದಂಶದ ಸೆಳೆತದಿಂದ ಅಂಟಿ, ಅಲ್ಲಿಂದ ಕಾಗದಕ್ಕೆ ಇಳಿದು, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ಫ್ಯೂಸರ್ ರೋಲರಿನಲ್ಲಿ ಕರಗಿ ಕೂರುತ್ತದೆ. ಒಣಗುವುದಕ್ಕೆ ಅದರಲ್ಲಿ ನೀರಿಲ್ಲ. ಆರು ತಿಂಗಳು ಮುಟ್ಟದಿದ್ದರೂ ಏಳನೆಯ ತಿಂಗಳು ಮೊದಲ ಪುಟವೇ ಅಚ್ಚುಕಟ್ಟಾಗಿ ಬರುತ್ತದೆ. ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ. ಬಜೆಟ್ಟಿಗೆ ಬರುವುದು ಕಪ್ಪು-ಬಿಳುಪು ಲೇಸರ್ ಮಾತ್ರ. ಕಲರ್ ಲೇಸರ್ ಆಸೆ ಬೇಡ. ನಾಲ್ಕು ಟೋನರುಗಳನ್ನು ಬದಲಾಯಿಸುವ ದಿನ ಬಂದಾಗ ಪಶ್ಚಾತ್ತಾಪವಾಗುತ್ತದೆ.

ಹಲವರಿಗೆ ಇಲ್ಲೊಂದು ತಪ್ಪು ತಿಳಿವಳಿಕೆ. ಕಪ್ಪು-ಬಿಳುಪು ಲೇಸರ್ ಆಲ್-ಇನ್-ಒನ್ ಕೊಂಡರೆ ಸ್ಕ್ಯಾನೂ ಕಪ್ಪು-ಬಿಳುಪೇ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅವುಗಳ ಮೇಲೆ ಕೂರಿಸಿರುವುದು ಸಾಮಾನ್ಯವಾಗಿ ಕಲರ್ ಸ್ಕ್ಯಾನರೇ. ಪ್ರಿಂಟು ಕಪ್ಪು, ಸ್ಕ್ಯಾನು ಕಲರ್.

ಈಗ ನಿಮ್ಮ ಹಾಳೆ ತೆಗೆಯಿರಿ. ವಾರಕ್ಕೊಂದು ಸಲವಾದರೂ ಪ್ರಿಂಟ್ ಇದೆ, ಅದರಲ್ಲಿ ಕಲರೂ ಇದೆ, ತಿಂಗಳಿಗೆ ಮೂವತ್ತು ನಲವತ್ತು ಪುಟ ದಾಟುತ್ತದೆ ಎಂದರೆ ಕಣ್ಣುಮುಚ್ಚಿ ಟ್ಯಾಂಕ್. ವಾರಗಟ್ಟಲೆ ಪ್ರಿಂಟ್ ಇಲ್ಲ, ಇದ್ದಾಗಲೂ ಬಹುತೇಕ ಅಕ್ಷರವೇ ಎಂದರೆ ಕಪ್ಪು-ಬಿಳುಪು ಲೇಸರ್. ವರ್ಷಕ್ಕೆ ನಾಲ್ಕು ಕಲರ್ ಪುಟ ಬೇಕಾದರೆ ಹೊರಗೆ ತೆಗೆಸಿಕೊಳ್ಳಿ. ಅಪರೂಪಕ್ಕೆ ಪ್ರಿಂಟ್ ತೆಗೆಯುತ್ತೀರಿ, ಆದರೂ ಕಲರ್ ಬೇಕೇ ಬೇಕು, ಕೈಯಲ್ಲಿ ದುಡ್ಡೂ ಕಡಿಮೆ ಎಂದಾಗ ಮಾತ್ರ ಹೆಡ್ ಇರುವ ಕಾರ್ಟ್ರಿಡ್ಜಿನ ಅಗ್ಗದ ಇಂಕ್‌ಜೆಟ್ ಸರಿ. ಅಲ್ಲೂ ಮೂರು ಬಣ್ಣ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಡ್ಜಿನಲ್ಲಿ ಹಳದಿಯೊಂದು ಮುಗಿದರೂ ಉಳಿದೆರಡನ್ನು ಎಸೆಯಬೇಕು ಎನ್ನುವುದು ನೆನಪಿರಲಿ.

ಫೋಟೊ ಪ್ರಿಂಟ್ ಆಸೆಯನ್ನು ಇದಕ್ಕೆ ಬೆರೆಸಬೇಡಿ. ನಾಲ್ಕು ಬಣ್ಣದ ಸಾಧಾರಣ ಇಂಕ್‌ಜೆಟ್ಟಿನಲ್ಲೂ ಒಳ್ಳೆಯ ಫೋಟೊ ಕಾಗದ ಹಾಕಿದರೆ ಚೆಂದವೇ ಬರುತ್ತದೆ, ಆದರೆ ಕಾಗದ ಮತ್ತು ಇಂಕಿನ ಖರ್ಚು ಕೂಡಿಸಿದರೆ ಸ್ಟುಡಿಯೋದಲ್ಲಿ ತೆಗೆಸುವುದೇ ಅಗ್ಗವಾಗುವುದು ಹೆಚ್ಚು. ಇಂಕ್‌ಜೆಟ್ಟಿನ ಹೊಳಪು ಕಾಗದವನ್ನು ಲೇಸರಿಗಂತೂ ಹಾಕಲೇಬೇಡಿ. ಅದರ ಲೇಪನ ಫ್ಯೂಸರಿನ ಶಾಖಕ್ಕೆ ಕರಗಿ ಒಳಗೆ ಅಂಟಿಕೊಳ್ಳುತ್ತದೆ.

ಹಂತ 3: ಮೂರು ವರ್ಷದ ಖರ್ಚು ಕೂಡಿಸಿ

ಬೆಲೆಪಟ್ಟಿ ಬದಿಗಿಟ್ಟು ಒಂದು ಸರಳ ಲೆಕ್ಕ ಮಾಡಿ: ಯಂತ್ರದ ಬೆಲೆ, ಅದರ ಜೊತೆಗೆ ಮೂರು ವರ್ಷಕ್ಕೆ ಬೇಕಾಗುವ ಇಂಕು ಅಥವಾ ಟೋನರಿನ ಬೆಲೆ. ಹೋಲಿಸಿ ನೋಡುವುದಕ್ಕಷ್ಟೇ ಕೆಲವು ಅಂಕಿ ಇಟ್ಟುಕೊಳ್ಳೋಣ. ಕಾರ್ಟ್ರಿಡ್ಜ್ ಪ್ರಿಂಟರಿನ ಬೆಲೆ 100 ಎಂದಿರಲಿ, ನೂರು ಪುಟ ಕೊಡುವ ಕಪ್ಪು ಕಾರ್ಟ್ರಿಡ್ಜಿಗೆ 20. ಟ್ಯಾಂಕ್ ಪ್ರಿಂಟರಿಗೆ 250, ಐದು ಸಾವಿರ ಪುಟದ ಬಾಟಲಿಗೆ 10.

ತಿಂಗಳಿಗೆ 40 ಪುಟವಾದರೆ ಮೂರು ವರ್ಷಕ್ಕೆ 1,440 ಪುಟ. ಡಬ್ಬದಲ್ಲೇ ಬಂದ ಕಾರ್ಟ್ರಿಡ್ಜ್ ಐವತ್ತು ಪುಟ ಕೊಟ್ಟಿತು ಎಂದುಕೊಂಡರೂ ಇನ್ನು 14 ಕಾರ್ಟ್ರಿಡ್ಜ್ ಬೇಕು. ಒಟ್ಟು 380. ಟ್ಯಾಂಕಿನಲ್ಲಿ ಜೊತೆಗೆ ಬಂದ ಬಾಟಲಿಯೇ ಮುಗಿಯುವುದಿಲ್ಲ. ಒಟ್ಟು 250ಕ್ಕೇ ನಿಂತಿತು. ಅದೇ ತಿಂಗಳಿಗೆ 10 ಪುಟವಾದರೆ ಮೂರು ವರ್ಷಕ್ಕೆ 360 ಪುಟ, ನಾಲ್ಕು ಕಾರ್ಟ್ರಿಡ್ಜ್, ಒಟ್ಟು 180. ಕಾಗದದ ಮೇಲೆ ಕಾರ್ಟ್ರಿಡ್ಜೇ ಗೆದ್ದಿತು. ಆದರೆ ತಿಂಗಳಿಗೆ ಹತ್ತೇ ಪುಟ ತೆಗೆಯುವ ಮನೆಯಲ್ಲಿ ಪ್ರಿಂಟರು ಸುಮ್ಮನೆ ಕೂರುವ ದಿನಗಳೇ ಹೆಚ್ಚು. ಕ್ಲೀನಿಂಗಿಗೆ ಹೋಗುವ ಇಂಕು, ಒಣಗಿ ಎಸೆಯುವ ಕಾರ್ಟ್ರಿಡ್ಜು ಸೇರಿಸಿದರೆ ನಾಲ್ಕು ಹೋಗಿ ಏಳೆಂಟಾಗುವುದು ಕಷ್ಟವಲ್ಲ. ಅಲ್ಲಿಗೆ ಟ್ಯಾಂಕಿನ ಹತ್ತಿರವೇ ಬಂದಿರಿ. ನಿಮ್ಮ ಕಣ್ಣಮುಂದಿರುವ ಮಾಡೆಲ್‌ಗಳ ನಿಜವಾದ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಲೇಸರಿಗಾದರೆ ಟೋನರಿನ ಜೊತೆ ಡ್ರಮ್ ಬೇರೆಯಾಗಿ ಬರುತ್ತದೆಯೇ ಎಂದು ನೋಡಿಕೊಳ್ಳಿ. ಬೇರೆ ಇದ್ದರೆ ಹಲವು ಟೋನರಿಗೊಮ್ಮೆ ಅದನ್ನೂ ಬದಲಾಯಿಸಬೇಕು.

‘ಇಷ್ಟು ಪುಟ ಬರುತ್ತದೆ’ ಎಂದು ಡಬ್ಬದ ಮೇಲೆ ಬರೆದಿರುವ ಅಂಕಿ ಗಾಳಿಯಲ್ಲಿ ಬಂದದ್ದಲ್ಲ. ಇಂಕ್‌ಜೆಟ್ಟಿಗೆ ಐಎಸ್‌ಒ/ಐಇಸಿ 24711, ಕಪ್ಪು ಟೋನರಿಗೆ ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನಕಗಳಿವೆ. ನಿಗದಿತ ಪುಟಗಳನ್ನು ಕಾರ್ಟ್ರಿಡ್ಜ್ ಮುಗಿಯುವವರೆಗೂ ಒಂದರ ಹಿಂದೊಂದು ಪ್ರಿಂಟ್ ಮಾಡಿ ಅಳೆಯುತ್ತಾರೆ. ಎಡವಟ್ಟಿರುವುದೇ ಅಲ್ಲಿ. ಮನೆಯಲ್ಲಿ ಯಾರೂ ಹಾಗೆ ಪ್ರಿಂಟ್ ಮಾಡುವುದಿಲ್ಲ. ಇಂದು ಎರಡು, ಹದಿನೈದು ದಿನ ಬಿಟ್ಟು ಮೂರು. ಹಾಗಾಗಿ ಎರಡು ಮಾಡೆಲ್‌ಗಳನ್ನು ಹೋಲಿಸಲು ಆ ಅಂಕಿ ಒಳ್ಳೆಯದು, ನಿಮ್ಮ ಮನೆಯಲ್ಲಿ ಅಷ್ಟೇ ಬರುತ್ತದೆ ಎಂದು ನಂಬಲು ಆಗದು.

ಡಬ್ಬದ ಜೊತೆ ಬರುವ ಮೊದಲ ಕಾರ್ಟ್ರಿಡ್ಜು, ಟೋನರು ಬಹಳ ಸಲ ಅರೆತುಂಬಿದ ‘ಸ್ಟಾರ್ಟರ್’ ಆಗಿರುತ್ತವೆ. ಟ್ಯಾಂಕಿನಲ್ಲೂ ಮೊದಲ ಬಾಟಲಿಯ ಒಂದು ಭಾಗ ಒಳಗಿನ ಪೈಪು ಮತ್ತು ಹೆಡ್ ತುಂಬುವುದಕ್ಕೇ ಹೋಗುತ್ತದೆ. ಮೊದಲ ಸಲ ಬೇಗ ಖಾಲಿಯಾಯಿತೆಂದು ಯಂತ್ರವನ್ನು ಬೈಯಬೇಕಿಲ್ಲ.

ಹಂತ 4: ಸ್ಕ್ಯಾನರಿನಲ್ಲಿ ಏನು ನೋಡಬೇಕು

ಆಲ್-ಇನ್-ಒನ್ನಿನ ಮೇಲಿನ ಗಾಜಿನ ಭಾಗದ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ವಾಸ್ತವದಲ್ಲಿ ಹಲವು ಮನೆಗಳಲ್ಲಿ ಹೆಚ್ಚು ದುಡಿಯುವುದು ಅದೇ.

ರೆಸಲ್ಯೂಶನ್ನಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ‘ಆಪ್ಟಿಕಲ್’ ಎಂದು ಬರೆದಿರುವುದನ್ನು ಮಾತ್ರ ನೋಡಿ. ಉಳಿದದ್ದು ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕೆಗಳು. ಕಾಗದಪತ್ರಕ್ಕೆ 300 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಹಳೆಯ ಫೋಟೊಗೆ 600 ಡಿಪಿಐ ಬೇಕಾದಷ್ಟಾಯಿತು. ಅಷ್ಟನ್ನು ಎಲ್ಲ ಮಾಡೆಲ್ಲೂ ಕೊಡುತ್ತದೆ. ಅಗ್ಗದ ಯಂತ್ರಗಳಲ್ಲಿರುವುದು ಸಿಐಎಸ್ ಎಂಬ ತೆಳು ಸೆನ್ಸರ್. ಗಾಜಿಗೆ ಅಂಟಿದಂತಿರುವ ಕಾಗದವನ್ನು ಅದು ಚೆನ್ನಾಗಿ ಓದುತ್ತದೆ, ಸ್ವಲ್ಪ ಮೇಲೆದ್ದ ಭಾಗ ಮಸುಕಾಗುತ್ತದೆ. ದಪ್ಪ ಪುಸ್ತಕದ ಬೆನ್ನಿನ ಹತ್ತಿರದ ಸಾಲುಗಳು ಅದಕ್ಕೇ ಕಪ್ಪಾಗಿ ಬರುವುದು.

ಹತ್ತಿಪ್ಪತ್ತು ಹಾಳೆಗಳನ್ನು ಒಟ್ಟಿಗೆ ಇಟ್ಟರೆ ತಾನೇ ಎಳೆದುಕೊಂಡು ಸ್ಕ್ಯಾನ್ ಮಾಡುವ ಎಡಿಎಫ್ ಇದ್ದರೆ ಬೆಲೆ ಏರುತ್ತದೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ, ಕಟ್ಟುಗಟ್ಟಲೆ ಹಳೆಯ ಕಾಗದಗಳನ್ನು ಡಿಜಿಟಲ್ ಮಾಡುವವರಿಗೆ ಅದು ಬೇಕು. ಉಳಿದವರಿಗೆ ಬೇಡ. ಬಜೆಟ್ ಮಾಡೆಲ್‌ಗಳ ಎಡಿಎಫ್ ಸಾಮಾನ್ಯವಾಗಿ ಒಂದೇ ಬದಿ ಓದುತ್ತದೆ. ಎರಡೂ ಬದಿ ಬೇಕಾದರೆ ಮಗುಚಿ ಹಾಕಬೇಕು.

ಅದಕ್ಕಿಂತ ಉಪಯೋಗಕ್ಕೆ ಬರುವುದು ‘ಐಡಿ ಕಾಪಿ’ ಬಟನ್. ಗುರುತಿನ ಚೀಟಿಯ ಮುಂಭಾಗ ಇಟ್ಟು ಒತ್ತಿ, ಮಗುಚಿ ಮತ್ತೆ ಒತ್ತಿದರೆ ಎರಡೂ ಬದಿ ಒಂದೇ ಹಾಳೆಯ ಒಂದೇ ಮಗ್ಗುಲಿಗೆ ಬರುತ್ತದೆ. ಕಂಪ್ಯೂಟರ್ ಆನ್ ಮಾಡಬೇಕಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರು ಬಳಸುವುದು ಬಹುಶಃ ಇದೊಂದನ್ನೇ.

ಇಂಕ್ ಖಾಲಿಯಾದಾಗ ಸ್ಕ್ಯಾನ್ ಮಾಡಲು ಬಿಡುತ್ತದೆಯೇ ಎಂದೂ ಕೇಳಿ. ಸ್ಕ್ಯಾನಿಗೂ ಇಂಕಿಗೂ ಏನು ಸಂಬಂಧ ಎನ್ನಬಹುದು. ಸಂಬಂಧವಿಲ್ಲ, ಆದರೂ ಕಾರ್ಟ್ರಿಡ್ಜ್ ಖಾಲಿ ಎಂದು ಇಡೀ ಯಂತ್ರವನ್ನೇ ನಿಲ್ಲಿಸಿಬಿಡುವ ಮಾಡೆಲ್‌ಗಳಿವೆ.

ಪ್ರಿಂಟಿನ ಕಡೆ ಒಂದೇ ಮಾತು: ಎರಡೂ ಬದಿ ತಾನಾಗಿ ಪ್ರಿಂಟ್ ಮಾಡುವ ಡ್ಯುಪ್ಲೆಕ್ಸ್ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಕಾಗದ ಅರ್ಧ ಉಳಿಯುತ್ತದೆ. ಕಡಿಮೆ ಬೆಲೆಯ ಟ್ಯಾಂಕ್ ಮಾಡೆಲ್‌ಗಳಲ್ಲಿ ಅದು ಇರುವುದು ಕಡಿಮೆ. ದೊಡ್ಡ ಬಣ್ಣದ ಟಚ್‌ಸ್ಕ್ರೀನಿಗೆ ದುಡ್ಡು ಹಾಕಬೇಡಿ. ಎರಡು ಸಾಲಿನ ಸಣ್ಣ ಡಿಸ್‌ಪ್ಲೇ ಇದ್ದರೆ ಸಾಕು. ಅದೂ ಇಲ್ಲದ ಯಂತ್ರಗಳು ಕೆಟ್ಟಾಗ ಬರೀ ಲೈಟು ಮಿನುಗಿಸುತ್ತವೆ. ನಾಲ್ಕು ಸಲ ಕಿತ್ತಳೆ, ಎರಡು ಸಲ ಹಸಿರು ಎಂದು ಎಣಿಸುತ್ತಾ ಮ್ಯಾನುಯಲ್ ಹುಡುಕುವ ಕೆಲಸ ನಿಮ್ಮದು.

ಹಂತ 5: ಫೋನು, ವೈ-ಫೈ, ಡ್ರೈವರ್

ಯುಎಸ್‌ಬಿ ಮಾತ್ರ ಇರುವ ಮಾಡೆಲ್ ಅಗ್ಗ. ಮನೆಯಲ್ಲಿ ಒಂದೇ ಕಂಪ್ಯೂಟರ್, ಅದು ಪ್ರಿಂಟರಿನ ಪಕ್ಕದಲ್ಲೇ ಇದೆ ಎಂದರೆ ಅಷ್ಟೇ ಸಾಕು. ಆದರೆ ಈಗ ಪ್ರಿಂಟ್ ಮಾಡಬೇಕಾದ ಪಿಡಿಎಫ್ ಬರುವುದು ಫೋನಿಗೆ, ಹಾಗಾಗಿ ಹೆಚ್ಚಿನವರಿಗೆ ವೈ-ಫೈ ಬೇಕೇ ಬೇಕು.

ಡಬ್ಬದ ಮೇಲೆ ಎರಡು ಹೆಸರು ಹುಡುಕಿ. ಐಫೋನಿಗೆ ಏರ್‌ಪ್ರಿಂಟ್, ಆ್ಯಪಲ್ ಅದನ್ನು 2010ರಲ್ಲಿ ತಂದಿತು. ಆ್ಯಂಡ್ರಾಯ್ಡಿಗೆ ಮೊಪ್ರಿಯಾ, ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ 2013ರಲ್ಲಿ ಕಟ್ಟಿದ ಒಕ್ಕೂಟದ ಮಾನಕ. ಇವೆರಡು ಇದ್ದರೆ ಕಂಪನಿಯ ಆ್ಯಪ್ ಹಾಕದೆ, ಖಾತೆ ತೆರೆಯದೆ ಪ್ರಿಂಟ್ ಕೊಡಬಹುದು. ಕಂಪನಿಗಳ ಆನ್‌ಲೈನ್ ಸೇವೆಯನ್ನೇ ನೆಚ್ಚಿಕೊಂಡರೆ ಅದು ಎಂದಾದರೂ ನಿಲ್ಲಬಹುದು. ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು, ಅದೊಂದನ್ನೇ ನಂಬಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಕಂಪ್ಯೂಟರಿನಲ್ಲೂ ಗಾಳಿ ಅದೇ ದಿಕ್ಕಿಗೆ: ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು (ಪ್ರಿಂಟರನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿತು. ಡ್ರೈವರ್ ಬೇಡದ ಮಾನಕಗಳಿರುವ ಪ್ರಿಂಟರು ಹೆಚ್ಚು ವರ್ಷ ಬಾಳುತ್ತದೆ.

ಅಗ್ಗದ ಪ್ರಿಂಟರುಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ‘ಪ್ರಿಂಟರ್ ಕಾಣುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ರೂಟರಿನಲ್ಲಿ 2.4ನ್ನು ಆಫ್ ಮಾಡಿಟ್ಟಿದ್ದರೆ ಮೊದಲು ಆನ್ ಮಾಡಿ. ವೈ-ಫೈ ಡೈರೆಕ್ಟ್ ಇದ್ದರೆ ರೂಟರ್ ಕೆಟ್ಟ ದಿನವೂ ಫೋನಿನಿಂದ ನೇರವಾಗಿ ಕೊಡಬಹುದು.

ಹಂತ 6: ಸಣ್ಣ ಅಕ್ಷರಗಳನ್ನು ಓದಿ

ಹಲವು ಕಾರ್ಟ್ರಿಡ್ಜ್ ಮತ್ತು ಟೋನರುಗಳ ಮೇಲೊಂದು ಚಿಪ್ ಇರುತ್ತದೆ. ಬೇರೆ ಕಂಪನಿಯ ಚಿಪ್ ಕಂಡರೆ ಪ್ರಿಂಟ್ ಮಾಡದಂತೆ ಯಂತ್ರದ ಸಾಫ್ಟ್‌ವೇರಿನಲ್ಲೇ ಬೀಗ ಹಾಕಿರುತ್ತಾರೆ, ಇಂದು ಒಪ್ಪಿದ ಕಾರ್ಟ್ರಿಡ್ಜನ್ನು ನಾಳಿನ ಅಪ್‌ಡೇಟ್ ಬೇಡ ಎನ್ನಬಹುದು. ಈ ನಿರ್ಬಂಧವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲ ಎಂದು ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ಡಿಸೆಂಬರಿನಲ್ಲಿ ಎಚ್‌ಪಿಗೆ ಒಂದು ಕೋಟಿ ಯೂರೊ ದಂಡ ಹಾಕಿತು. ಅದಕ್ಕೂ ಮೊದಲು, 2017ರಲ್ಲಿ ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಮ್ಮೆ ಮಾರಿದ ಕಾರ್ಟ್ರಿಡ್ಜಿನ ಮೇಲೆ ಕಂಪನಿಗೆ ಪೇಟೆಂಟಿನ ಹಿಡಿತ ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕಾನೂನು ಬಿಟ್ಟರೂ ಚಿಪ್ ಬಿಡಬೇಕಲ್ಲ! ಕೆಲವು ಮಾಡೆಲ್‌ಗಳು ಸದಾ ಇಂಟರ್‌ನೆಟ್ಟಿಗೆ ಸಂಪರ್ಕದಲ್ಲಿರಬೇಕು, ಕಂಪನಿಯದೇ ಇಂಕ್ ಹಾಕಬೇಕು ಎಂಬ ಷರತ್ತಿನ ಮೇಲೇ ನಡೆಯುತ್ತವೆ. ಅಂಥವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಟ್ಯಾಂಕ್ ಪ್ರಿಂಟರುಗಳಲ್ಲಿ ಬಾಟಲಿಗೆ ಸಾಮಾನ್ಯವಾಗಿ ಚಿಪ್ಪಿನ ಕಾಟವಿಲ್ಲ.

ತಿಂಗಳ ಚಂದಾ ಕಟ್ಟಿ ಇಂಕ್ ತರಿಸಿಕೊಳ್ಳುವ ಯೋಜನೆಗಳೂ ಇವೆ. ಪ್ರತಿ ತಿಂಗಳು ಒಂದೇ ಸಮ ಪುಟ ಬೇಕಾದವರಿಗೆ ಲಾಭವಾಗಬಹುದು. ಚಂದಾ ನಿಲ್ಲಿಸಿದರೆ ಒಳಗೆ ಇಂಕ್ ಉಳಿದಿದ್ದರೂ ಆ ಕಾರ್ಟ್ರಿಡ್ಜ್ ಕೆಲಸ ನಿಲ್ಲಿಸುವ ಷರತ್ತು ಇದೆಯೇ ಎಂದು ನೋಡಿ ಸಹಿ ಹಾಕಿ.

ಇನ್ನೊಂದು ವಿಷಯವನ್ನು ಮಾರುವವರು ಕೇಳದೆ ಹೇಳುವುದಿಲ್ಲ. ಕ್ಲೀನಿಂಗಿನಲ್ಲಿ ಚೆಲ್ಲಿದ ಇಂಕು ಯಂತ್ರದ ತಳದಲ್ಲಿರುವ ಸ್ಪಂಜಿನಂಥ ಪ್ಯಾಡಿಗೆ ಹೋಗುತ್ತದೆ. ಅದು ತುಂಬಿತು ಎಂದು ಒಳಗಿನ ಎಣಿಕೆ ಹೇಳಿದ ಕ್ಷಣ ಪ್ರಿಂಟರು ನಿಂತೇಬಿಡುತ್ತದೆ, ಉಳಿದದ್ದೆಲ್ಲ ಸರಿಯಿದ್ದರೂ. ಕೆಲವು ಮಾಡೆಲ್‌ಗಳಲ್ಲಿ ಇದನ್ನು ಸರ್ವಿಸ್ ಸೆಂಟರಿನಲ್ಲೇ ಬದಲಾಯಿಸಬೇಕು; ಇನ್ನು ಕೆಲವದರಲ್ಲಿ ‘ಮೇಂಟೆನೆನ್ಸ್ ಬಾಕ್ಸ್’ ಎಂದು ಹಿಂಬದಿಯಲ್ಲಿ ಸಿಕ್ಕಿಸಿರುತ್ತಾರೆ, ನಾವೇ ಎಳೆದು ಹೊಸದು ಹಾಕಬಹುದು. ಬೆಲೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಎರಡನೆಯ ಬಗೆಯದನ್ನೇ ಕೊಳ್ಳಿ.

ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆ ‘ಅಥವಾ ಇಷ್ಟು ಪುಟ, ಯಾವುದು ಮೊದಲೋ ಅದು’ ಎಂಬ ಸಾಲು ಇರುತ್ತದೆ. ಹೆಡ್ ಅದರಲ್ಲಿ ಸೇರಿದೆಯೇ ನೋಡಿ. ಡ್ಯೂಟಿ ಸೈಕಲ್ ಎಂದು ಬರೆದ ದೊಡ್ಡ ಅಂಕಿಯನ್ನು ಮರೆತುಬಿಡಿ. ಅದು ಯಂತ್ರ ಒಂದು ತಿಂಗಳಲ್ಲಿ ತಡೆದುಕೊಳ್ಳಬಲ್ಲ ಗರಿಷ್ಠ ಮಿತಿ, ದಿನನಿತ್ಯ ಮಾಡಬೇಕಾದದ್ದಲ್ಲ.

ಹಂತ 7: ಒಂದು ಕನ್ನಡ ಪುಟ ತೆಗೆಸಿ ನೋಡಿ

ಡೆಮೊ ಯಂತ್ರಗಳಲ್ಲಿ ಬರುವುದು ಗಿಳಿ, ಹೂವು, ಸೂರ್ಯಾಸ್ತದ ಬಣ್ಣದ ಚಿತ್ರ. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ನಿಮ್ಮದೇ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ: ಕನ್ನಡದ ಒಂದು ಪ್ಯಾರಾ, ಮೊದಲು 12 ಪಾಯಿಂಟಿನಲ್ಲಿ, ಆಮೇಲೆ 8ರಲ್ಲಿ. ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ಕೃತ್ರಿಮದಂಥ ಒತ್ತಕ್ಷರ ತುಂಬಿದ ಪದಗಳಿರಲಿ. ಸಾಧಾರಣ ಎ4 ಕಾಗದ, ಸಾಧಾರಣ ಕ್ವಾಲಿಟಿ. ಇಂಕು ಕಾಗದದ ನಾರಿಗೆ ಹರಡುವ ಯಂತ್ರದಲ್ಲಿ 8 ಪಾಯಿಂಟಿನ ‘ಷ್ಟ್ರ’ದ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿ ಕಪ್ಪು ಉಂಡೆಯಾಗುತ್ತವೆ, ಸೊನ್ನೆಯ ಹೊಟ್ಟೆ ಮುಚ್ಚಿಹೋಗುತ್ತದೆ. ಲೇಸರಿನಲ್ಲಿ ಅಂಚು ಕತ್ತರಿಸಿದಂತೆ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕಾಣದ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಪುಟ ಹೊರಬಂದು ಒಂದೆರಡು ನಿಮಿಷವಾದ ಮೇಲೆ ಬೆರಳನ್ನು ಸ್ವಲ್ಪ ಒದ್ದೆ ಮಾಡಿ ಒಂದು ಪದದ ಮೇಲೆ ಎಳೆಯಿರಿ. ಕಪ್ಪು ಇಂಕು ಪಿಗ್ಮೆಂಟ್ (ದ್ರವದಲ್ಲಿ ಕರಗದೆ ತೇಲುವ ಬಣ್ಣದ ಕಣ) ಆಗಿದ್ದರೆ ಅಕ್ಷರ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಡೈ (ದ್ರವದಲ್ಲಿ ಕರಗಿದ ಬಣ್ಣ) ಆಗಿದ್ದರೆ ಬೆರಳ ಹಿಂದೆ ಬೂದುಬಣ್ಣದ ಬಾಲ ಬರುತ್ತದೆ. ಸಹಿ ಹಾಕಿ ಕೊಡುವ, ಫೈಲಿನಲ್ಲಿ ಇಡುವ ಕಾಗದಗಳೇ ಹೆಚ್ಚಾದರೆ ಪಿಗ್ಮೆಂಟ್ ಕಪ್ಪಿರುವ ಮಾಡೆಲ್ ಆರಿಸಿ. ಹಲವು ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಬಣ್ಣ ಮೂರೂ ಡೈ. ನಾಲ್ಕೂ ಡೈ ಇರುವವೂ ಇವೆ.

ಸ್ಕ್ಯಾನ್ ಮಾಡಿದ ಕನ್ನಡ ಪುಟದಿಂದ ಅಕ್ಷರಗಳನ್ನು ಎತ್ತಿಕೊಳ್ಳುವ ಆಸೆಯಿದ್ದರೆ ಪ್ರಿಂಟರಿನ ಜೊತೆ ಬರುವ ಒಸಿಆರ್ ತಂತ್ರಾಂಶದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಹುಡುಕಿ. ಇಲ್ಲದಿದ್ದರೂ ಚಿಂತೆಯಿಲ್ಲ, ಉಚಿತವಾಗಿ ಸಿಗುವ ಟೆಸರಾಕ್ಟ್ ಎಂಬ ತಂತ್ರಾಂಶ ಕನ್ನಡವನ್ನು ಓದುತ್ತದೆ. ಅದಕ್ಕೆ ಬೇಕಾದದ್ದು ಓರೆಯಾಗದ, 300 ಡಿಪಿಐನ ಸ್ವಚ್ಛ ಸ್ಕ್ಯಾನ್.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದೇ?

ಲೇಸರಾದರೆ ಹೌದು. ಕಚೇರಿಗಳು ಬಿಟ್ಟುಕೊಡುವ ಹಳೆಯ ಕಪ್ಪು-ಬಿಳುಪು ಲೇಸರುಗಳಲ್ಲಿ ಗಟ್ಟಿ ಯಂತ್ರಗಳಿರುತ್ತವೆ. ಯಂತ್ರದ ಮೆನುವಿನಿಂದ ಕಾನ್ಫಿಗರೇಶನ್ ಪುಟ ತೆಗೆಸಿ. ಈವರೆಗೆ ಎಷ್ಟು ಪುಟ ಆಗಿದೆ, ಟೋನರ್ ಮತ್ತು ಡ್ರಮ್ ಎಷ್ಟು ಉಳಿದಿದೆ ಎಂದು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಆ ಮಾಡೆಲ್ಲಿನ ಟೋನರ್ ಈಗಲೂ ಸಿಗುತ್ತದೆಯೇ, ನಿಮ್ಮ ಕಂಪ್ಯೂಟರಿನಲ್ಲಿ ಡ್ರೈವರ್ ಕೂರುತ್ತದೆಯೇ ಎಂದು ಖಚಿತ ಮಾಡಿಕೊಂಡು ಕೊಳ್ಳಿ. ಪುಟದುದ್ದಕ್ಕೂ ಒಂದೇ ಅಂತರದಲ್ಲಿ ಅದೇ ಕಲೆ ಮರಳಿ ಮರಳಿ ಬರುತ್ತಿದ್ದರೆ ಡ್ರಮ್ಮಿನದೋ ರೋಲರಿನದೋ ಗಾಯ ಅದು. ಹಳೆಯ ಇಂಕ್‌ಜೆಟ್ ಬಿಟ್ಟಿ ಕೊಟ್ಟರೂ ಯೋಚಿಸಿ. ಟ್ಯಾಂಕ್ ಪ್ರಿಂಟರಂತೂ ಇಂಕ್ ತುಂಬಿಕೊಂಡೇ ಕೈ ಬದಲಾಗಬೇಕು. ಸಾಗಿಸುವಾಗ ಓರೆಯಾದರೆ ಇಂಕು ಎಲ್ಲಿಗೆ ನುಗ್ಗಿದೆಯೋ ಹೇಳಲಾಗದು.

ಮನೆಗೆ ತಂದ ಮೇಲೆ

ಡಬ್ಬ ಒಡೆಯುವ ಮೊದಲು ಮಾಡೆಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಒಂದೇ ಹೆಸರಿನ ಮುಂದೆ ಒಂದಂಕಿ ಬದಲಾದರೂ ವೈ-ಫೈ ಇಲ್ಲದ ತಮ್ಮನೋ, ಡ್ಯುಪ್ಲೆಕ್ಸ್ ಇಲ್ಲದ ಅಣ್ಣನೋ ಬಂದಿರಬಹುದು. ಇಂಕ್ ತುಂಬಿದ ಮೇಲೆ ಬದಲಾಯಿಸಿಕೊಡಿ ಎಂದರೆ ಒಪ್ಪುವವರು ಕಡಿಮೆ.

ಇಂಕ್‌ಜೆಟ್ಟನ್ನು ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಬೇಡಿ. ಅದರದೇ ಪವರ್ ಬಟನ್ ಒತ್ತಿದರೆ ಹೆಡ್ ಪಕ್ಕಕ್ಕೆ ಸರಿದು ಮುಚ್ಚಳದ ಮೇಲೆ ಕೂರುತ್ತದೆ, ಆಗ ಒಣಗುವುದು ನಿಧಾನ. ಏಕಾಏಕಿ ಕರೆಂಟ್ ಕಿತ್ತರೆ ಹೆಡ್ ತೆರೆದಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬರುವ ಒಂದು ಪುಟ, ಅಥವಾ ಹೆಡ್ಡಿನ ರಂಧ್ರಗಳೆಲ್ಲ ತೆರೆದಿವೆಯೇ ಎಂದು ಗೆರೆಗಳಲ್ಲಿ ತೋರಿಸುವ ನಾಜಲ್ ಚೆಕ್ ಪುಟ ತೆಗೆಯಿರಿ. ಅದಕ್ಕೆ ಹೋಗುವ ಇಂಕು ಒಂದು ಕ್ಲೀನಿಂಗಿಗೆ ಹೋಗುವುದಕ್ಕಿಂತ ಎಷ್ಟೋ ಕಡಿಮೆ. ಗೆರೆ ತಪ್ಪಿದ್ದರೆ ಕ್ಲೀನಿಂಗ್ ಎರಡು ಸಲ ಸಾಕು. ಆಗಲೂ ಸರಿಹೋಗದಿದ್ದರೆ ಪವರ್ ಬಟನ್ನಿನಿಂದ ಆಫ್ ಮಾಡಿ ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ, ಗಟ್ಟಿಯಾದದ್ದು ತಾನೇ ಸಡಿಲವಾಗಿರುವುದುಂಟು. ಮೇಲಿಂದ ಮೇಲೆ ಕ್ಲೀನಿಂಗ್ ಕೊಡುತ್ತಾ ಹೋದರೆ ಟ್ಯಾಂಕ್ ಇಳಿಯುತ್ತದೆ, ಪ್ಯಾಡ್ ತುಂಬುತ್ತದೆ. ಟ್ಯಾಂಕಿನ ಕೆಳಗೆರೆಗಿಂತ ಇಂಕ್ ಇಳಿಯಲು ಬಿಡಬೇಡಿ, ಪೈಪಿಗೆ ಗಾಳಿ ಹೊಕ್ಕರೆ ತೆಗೆಯುವುದು ಕಷ್ಟ.

ಲೇಸರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ. ಫ್ಯೂಸರ್ ಕಾಯುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ, ಯುಪಿಎಸ್ ಕೂಗಿಕೊಂಡು ಕಂಪ್ಯೂಟರನ್ನೂ ಸೇರಿಸಿ ಆಫ್ ಮಾಡುತ್ತದೆ. ಗೋಡೆಯ ಪಾಯಿಂಟಿಗೇ ಕೊಡಿ, ಗಾಳಿಯಾಡುವ ಕಡೆ ಇಡಿ.

ಮೊದಲ ದಿನವೇ ಪ್ರಿಂಟ್ ಸೆಟ್ಟಿಂಗಿನಲ್ಲಿ ಡಿಫಾಲ್ಟನ್ನು ಬದಲಾಯಿಸಿ: ಕಪ್ಪು-ಬಿಳುಪು, ಎರಡೂ ಬದಿ, ಎ4. ಡಿಫಾಲ್ಟ್ ಕಲರೇ ಆಗಿದ್ದರೆ ಕಪ್ಪು ಅಕ್ಷರದ ನಡುವಿನ ನೀಲಿ ಲಿಂಕುಗಳಿಗೂ ಬಣ್ಣದ ಇಂಕೇ ಹೋಗುತ್ತದೆ. ಆಮೇಲೆ, ಬದಲಾಯಿಸಿಕೊಡುವ ಅವಧಿ ಮುಗಿಯುವುದರೊಳಗೆ ಎಲ್ಲವನ್ನೂ ಒಂದು ಸಲ ಮಾಡಿ ನೋಡಿ. ಮನೆಯ ಪ್ರತಿಯೊಬ್ಬರ ಫೋನಿನಿಂದ ಒಂದು ಪ್ರಿಂಟ್, ಕಂಪ್ಯೂಟರಿಗೆ ಒಂದು ಸ್ಕ್ಯಾನ್, ಗುರುತಿನ ಚೀಟಿಯ ಎರಡು ಬದಿಯ ಪ್ರತಿ, ಎಡಿಎಫ್ ಇದ್ದರೆ ಐದು ಹಾಳೆ, ಡ್ಯುಪ್ಲೆಕ್ಸ್ ಇದ್ದರೆ ನಾಲ್ಕು ಪುಟದ ಪಿಡಿಎಫ್. ರೂಟರನ್ನು ಆಫ್ ಮಾಡಿ ಆನ್ ಮಾಡಿದ ಮೇಲೆ ಪ್ರಿಂಟರು ತಾನಾಗಿಯೇ ವೈ-ಫೈಗೆ ಸೇರಿಕೊಳ್ಳುತ್ತದೆಯೇ ಎಂದೂ ನೋಡಿ. ಮೊದಲ ನಾಜಲ್ ಚೆಕ್ ಪುಟದ ಮೇಲೆ ತಾರೀಖು ಬರೆದು ಬಿಲ್ಲಿನ ಜೊತೆ ಪಿನ್ ಮಾಡಿಡಿ. ಮುಂದೆ ಸರ್ವಿಸಿನವರ ಹತ್ತಿರ ಮಾತಾಡುವಾಗ ಹೊಸದಿದ್ದಾಗ ಹೇಗೆ ಬರುತ್ತಿತ್ತು ಎಂದು ತೋರಿಸಲು ಬೇಕಾಗುತ್ತದೆ.